ರಾಯರ ವಿಶ್ವ ತಪಾಸಣೆ

ಉಡುಪಿಯಲ್ಲಿ ನಿವೃತ್ತ ಬ್ಯಾಂಕಿನವರಿಗೆ ಬರವಿಲ್ಲ. ಬೆಳಿಗ್ಗೆ ಆರಕ್ಕೆ ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲಿ ನಿಂತು ‘ಮ್ಯಾನೇಜರ್ರೇ’ ಎಂದು ಒಮ್ಮೆ ಕೂಗಿ ನೋಡಿ, ವಾಕಿಂಗಿಗೆ ಬಂದವರಲ್ಲಿ ಅರ್ಧ ಜನ ತಿರುಗಿ ನೋಡುತ್ತಾರೆ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ ಊರು ಇದು. ಹಿತ್ತಿಲಲ್ಲಿ ತೆಂಗಿನಮರ ಇಲ್ಲದ ಮನೆ ಸಿಕ್ಕೀತು, ಬ್ಯಾಂಕಿನವ ಇಲ್ಲದ ಮನೆ ಸಿಗುವುದು ಕಷ್ಟ.

ನಿವೃತ್ತಿಯಾದ ಮೇಲೆ ಇವರೆಲ್ಲ ಒಂದೊಂದು ದಾರಿ ಹಿಡಿಯುತ್ತಾರೆ. ಕೆಲವರು ಜೀರ್ಣೋದ್ಧಾರ ಸಮಿತಿಗೆ ಕೋಶಾಧಿಕಾರಿಗಳಾಗುತ್ತಾರೆ. ಕೆಲವರು ಯಕ್ಷಗಾನ ಸಂಘದ ಅಧ್ಯಕ್ಷರಾಗಿ, ಭಾಗವತರಿಗಿಂತ ಹೆಚ್ಚು ಹೊತ್ತು ಮೈಕು ಹಿಡಿಯುತ್ತಾರೆ. ಕೆಲವರು ಮಗಳ ಬಾಣಂತನದ ನೆಪದಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿ ಆರು ತಿಂಗಳು ಕಿಟಕಿಯಿಂದ ಹಿಮ ನೋಡಿ ವಾಪಸಾಗುತ್ತಾರೆ. ಈಚೆಗೆ ಇನ್ನೊಂದು ಪಂಗಡ ಹುಟ್ಟಿಕೊಂಡಿದೆ. ಬೆನ್ನಿಗೊಂದು ಬ್ಯಾಗು ಏರಿಸಿ, ಒಬ್ಬರೇ, ಲೋಕದ ಪುಣ್ಯಕ್ಷೇತ್ರಗಳನ್ನೂ ಪ್ರಸಿದ್ಧ ಕಟ್ಟಡಗಳನ್ನೂ ಸುತ್ತುವವರು. ಕುಂಜಿಬೆಟ್ಟಿನಿಂದ ಪರ್ಕಳದವರೆಗೆ ಬೀದಿಗೊಬ್ಬರು ಸಿಗುತ್ತಾರೆ. ಕಾಮತರಿರಲಿ, ಶೆಟ್ಟರಿರಲಿ, ಲಕ್ಷಣ ಒಂದೇ ಆದ್ದರಿಂದ ಎಲ್ಲರ ಪರವಾಗಿ ನಮ್ಮ ಬೀದಿಯವರನ್ನು ಇಲ್ಲಿ ರಾಯರು ಎಂದು ಕರೆಯುತ್ತೇನೆ. ಅವರ ಪತ್ನಿ ಬೀದಿಗೆಲ್ಲ ಅಕ್ಕ.

ಮೊದಲು ಬ್ಯಾಗಿನ ವಿಷಯ. ಅದನ್ನು ರಾಯರು ಅಂಗಡಿಯಿಂದ ತಂದದ್ದಲ್ಲ. ಅವರ ಮಾಳಿಗೆಯಲ್ಲಿ ಬಾಡಿಗೆಗಿದ್ದ ಮಣಿಪಾಲದ ಹುಡುಗನೊಬ್ಬ ಕೋರ್ಸು ಮುಗಿಸಿ ಹೋಗುವಾಗ ಹಾಸಿಗೆ, ಬಕೆಟ್ಟು, ಮುರಿದ ಗಿಟಾರಿನ ಜತೆ ಬಿಟ್ಟು ಹೋದದ್ದು. ಅಕ್ಕ ಅದನ್ನು ಡೆಟಾಲ್ ಹಾಕಿ ತೊಳೆದು, ಬಿಸಿಲಿಗೆ ಹಾಕಿ, ಪುನಃ ತೊಳೆದರು. ಬ್ಯಾಗಿನ ಮೇಲೆ ಒಂದು ತಲೆಬುರುಡೆಯ ಚಿತ್ರ ಇತ್ತು, ಅದು ಮಾತ್ರ ಹೋಗಲಿಲ್ಲ. “ಕಪಾಲ ಅಲ್ವಾ? ಈಶ್ವರನ ಸಂಬಂಧ. ಅದೆಂತ ತೊಂದರೆ ಇಲ್ಲ” ಎಂದು ರಾಯರು ತೀರ್ಪು ಕೊಟ್ಟರು. ಆ ಕಪಾಲದ ಒಳಗೆ ಈಗ ಅವಲಕ್ಕಿ, ಚಟ್ನಿಹುಡಿ, ಕಷಾಯದ ಹುಡಿ, ಗುಳಿಗೆಗಳ ಡಬ್ಬಿ, ಎರಡು ಜತೆ ಬಟ್ಟೆ, ಮೈ ಒರೆಸುವ ಒಂದು ಬೈರಾಸು, ಒಂದು ನೀಲಿ ರಟ್ಟಿನ ಉದ್ದ ಪುಸ್ತಕ. ಮೊದಲ ಪ್ರಯಾಣದಲ್ಲಿ ಕೊಬ್ಬರಿ ಗಿಟುಕೂ ಇತ್ತು. ಬೆಂಕಿ ಹತ್ತಿಕೊಳ್ಳುವ ವಸ್ತು ಎಂದು ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಟುಕೊಂಡರು. ಎಣ್ಣೆಯ ಅಂಶ ಜಾಸ್ತಿ ಇರುವ ಒಣಕೊಬ್ಬರಿಗೆ ವಿಮಾನದವರು ಹೆದರುವುದು ನಿಜ. ರಾಯರು ಅಲ್ಲೇ ಪುಸ್ತಕ ತೆಗೆದು ಬರೆದುಕೊಂಡರು: ‘ಕೊಬ್ಬರಿ ಜಪ್ತಿ. ರಶೀದಿ ಕೊಟ್ಟಿಲ್ಲ.’

ಈ ರಶೀದಿಯಲ್ಲೇ ರಾಯರ ಗುಟ್ಟು ಇದೆ. ಅವರು ದೇಶ ಸುತ್ತುವುದು ಭಕ್ತಿಗೂ ಅಲ್ಲ, ಸೌಂದರ್ಯಕ್ಕೂ ಅಲ್ಲ. ವ್ಯವಸ್ಥೆ ನೋಡಲಿಕ್ಕೆ.

ಘಟ್ಟದ ಮೇಲಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕರಾವಳಿಯಲ್ಲಿ ಮದುವೆ ಇರಲಿ, ನೇಮ ಇರಲಿ, ಬ್ರಹ್ಮಕಲಶ ಇರಲಿ, ಹೋಗಿ ಬಂದವರನ್ನು ಕೇಳುವ ಮೊದಲ ಪ್ರಶ್ನೆ “ವ್ಯವಸ್ಥೆ ಹೇಗಿತ್ತು?” ದೇವರ ಅಲಂಕಾರ, ಮದುಮಗಳ ಸೀರೆ ಎಲ್ಲ ಆಮೇಲೆ. ಪಾರ್ಕಿಂಗ್ ಎಲ್ಲಿತ್ತು, ಕೈ ತೊಳೆಯುವಲ್ಲಿ ಕೆಸರಿತ್ತಾ, ಮಜ್ಜಿಗೆ ಕೊನೆಯ ಪಂಕ್ತಿಯವರೆಗೆ ಬಂತಾ, ಇವಿಷ್ಟು ಸರಿ ಇದ್ದರೆ ಆ ಕಾರ್ಯ ಗೆದ್ದ ಹಾಗೆ. 2025ರಲ್ಲಿ ಕಾಪುವಿನ ಹೊಸ ಮಾರಿಗುಡಿ ಕೆಂಪು ಶಿಲೆಯಲ್ಲಿ ಎದ್ದು ನಿಂತು ಬ್ರಹ್ಮಕಲಶ ಆಯಿತಲ್ಲ, ಊರಿಗೆ ಊರೇ ಹೋಗಿ ಕೆತ್ತನೆಗೆ ಬೆರಗಾಗಿ ಬಂತು. ರಾಯರೂ ಹೋದರು. ಬಂದವರು ಹೊರೆಕಾಣಿಕೆಯ ಉಗ್ರಾಣದಲ್ಲಿ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿಗಳನ್ನು ಹೇಗೆ ಬೇರೆ ಬೇರೆ ಜೋಡಿಸಿಟ್ಟಿದ್ದರು ಎಂಬುದನ್ನು ವರ್ಣಿಸಿದರು. ಕೆತ್ತನೆ ಹೇಗಿತ್ತು ಎಂದು ಕೇಳಿದ್ದಕ್ಕೆ, “ಅದೂ ಇತ್ತು” ಎಂದರು.

ಇದಕ್ಕೆ ಉದ್ಯೋಗದ ವಾಸನೆಯೂ ಸೇರಿದೆ. ಸರ್ವಿಸಿನ ಕೊನೆಯ ಭಾಗವನ್ನು ರಾಯರು ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕಳೆದವರು. ಹೇಳದೆ ಕೇಳದೆ ಶಾಖೆಗೆ ನುಗ್ಗಿ ಕ್ಯಾಶ್ ಎಣಿಸುವುದು, ತಿಜೋರಿಯ ಬೀಗದ ಕೈ ಯಾರ ಹತ್ತಿರ ಎಂದು ಕೇಳುವುದು, ಬೆಂಕಿ ಆರಿಸುವ ಸಿಲಿಂಡರಿನ ತಾರೀಕು ಓದುವುದು. ಅಭ್ಯಾಸ ಹೋಗಲಿಲ್ಲ. ಕೋಟದ ಕಾರಂತರು ಯುರೋಪು ಸುತ್ತಿ ಬಂದು ‘ಅಪೂರ್ವ ಪಶ್ಚಿಮ’ ಬರೆದರು. ರಾಯರು ಅದೇ ಯುರೋಪು ಸುತ್ತಿ ಬಂದು ಇನ್‌ಸ್ಪೆಕ್ಷನ್ ರಿಪೋರ್ಟು ಬರೆದಿದ್ದಾರೆ. ನೀಲಿ ಪುಸ್ತಕದಲ್ಲಿ ಸ್ಕೇಲಿಟ್ಟು ಗೀಟು ಹಾಕಿದ ಕಾಲಂಗಳು: ಕ್ಷೇತ್ರ, ಚಪ್ಪಲಿ, ಸಾಲು, ಶೌಚಾಲಯ, ಕಾಣಿಕೆ ಡಬ್ಬಿ, ಊಟ, ಷರಾ. ಇಸ್ತಾಂಬುಲಿನ ನೀಲಿ ಮಸೀದಿಯ ಎದುರು ಚಪ್ಪಲಿ ಕಾಲಂನಲ್ಲಿ ಬರೆದದ್ದು, ‘ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ನಾವೇ ಹಿಡಿದುಕೊಳ್ಳಬೇಕು. ಸುರಕ್ಷಿತ. ಆದರೆ ಒಂದು ಕೈ ಬಂದ್.’

ಹೊರಡುವುದಕ್ಕೆ ಮುಂಚಿನ ಪರ್ವ ವೀಸಾ. ಯುರೋಪಿನ ಷೆಂಗೆನ್ ವೀಸಾಕ್ಕೆ 30,000 ಯೂರೋದ ವಿಮೆ ಬೇಕು, ಹೋಗಿ ಬರುವ ಟಿಕೆಟ್ಟು ಬೇಕು, ಸೀಲು ಸಹಿ ಇರುವ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಜೀವಮಾನವಿಡೀ ಜನರಿಂದ ದಾಖಲೆ ಕೇಳಿದ ಮನುಷ್ಯ ತನ್ನದೇ ಖಾತೆಯ ದಾಖಲೆಗಾಗಿ ಒಂದು ಶಾಖೆಯ ಕೌಂಟರಿನಲ್ಲಿ ನಿಂತರು. ಕೌಂಟರಿನ ಹುಡುಗ ತಲೆ ಎತ್ತದೆ, “ಅಂಕಲ್, ಕೆವೈಸಿ ಅಪ್‌ಡೇಟ್ ಆಗಿಲ್ಲ” ಎಂದ. ರಾಯರು ತಾವು ಇದೇ ಬ್ಯಾಂಕಿನವರು ಎಂದರು. ಹುಡುಗ ಯಾವ ಬ್ಯಾಂಕು ಎಂದು ಕೇಳಿದ. ಪ್ರಶ್ನೆ ಸರಿಯೇ. 2020ರ ಏಪ್ರಿಲ್ 1ರಂದು ಸಿಂಡಿಕೇಟು ಕೆನರಾದೊಳಗೆ, ಕಾರ್ಪೊರೇಷನ್ನು ಯೂನಿಯನ್ ಬ್ಯಾಂಕಿನೊಳಗೆ ಒಂದೇ ದಿನ ಕರಗಿದವು. ತಾರೀಕು ಏಪ್ರಿಲ್ 1 ಆದ್ದರಿಂದ ರಾಯರು ಇನ್ನೂ ಪೂರ್ತಿ ನಂಬಿಲ್ಲ. ಅರ್ಜಿಯಲ್ಲಿ ‘ಭೇಟಿಯ ಉದ್ದೇಶ’ ಎಂಬಲ್ಲಿ ಅವರು ಪ್ರಾಮಾಣಿಕವಾಗಿ ‘ಇನ್‌ಸ್ಪೆಕ್ಷನ್’ ಎಂದು ಬರೆದಿದ್ದರು. ಏಜೆಂಟ್ ಗಾಬರಿಯಿಂದ ಅದನ್ನು ಹೊಡೆದು ‘ಟೂರಿಸಂ’ ಮಾಡಿದ.

ವಸತಿ ಹಾಸ್ಟೆಲ್ಲಿನಲ್ಲಿ. ಒಂದು ಕೋಣೆಯಲ್ಲಿ ಎಂಟು ಮಂಚ, ಮೇಲೊಂದು ಕೆಳಗೊಂದು, ಉಳಿದ ಏಳರಲ್ಲಿ ಮೊಮ್ಮಕ್ಕಳ ಪ್ರಾಯದವರು. ಈ ವಯಸ್ಸಿನಲ್ಲಿ ಹೇಗೆ ಸಾಧ್ಯ ಎಂದು ನಾವೆಲ್ಲ ಕೇಳಿದ್ದುಂಟು. ಮಣಿಪಾಲದ ಹುಡುಗರಿಗೆ ಮಾಳಿಗೆ ಬಾಡಿಗೆ ಕೊಟ್ಟವನಿಗೆ ಲೋಕದ ಯಾವ ಸದ್ದೂ ಸದ್ದಲ್ಲ ಎಂಬುದು ಅವರ ಉತ್ತರ. ರಾತ್ರಿ ಎರಡಕ್ಕೆ ಬರುವವರು, ಮೂರಕ್ಕೆ ಹುಟ್ಟುಹಬ್ಬ ಮಾಡುವವರು, ಪರೀಕ್ಷೆಯ ಹಿಂದಿನ ದಿನ ಗಟ್ಟಿಯಾಗಿ ಅಳುವವರು, ಎಲ್ಲ ನೋಡಿ ಪಳಗಿದ ಕಿವಿ. ತೊಂದರೆ ಆಗುವುದು ಉಳಿದ ಏಳು ಜನರಿಗೆ. ಬೆಳಗಿನ ಜಾವ ನಾಲ್ಕೂವರೆಗೆ ಮೇಲಿನ ಮಂಚದಿಂದ ವಿಷ್ಣುಸಹಸ್ರನಾಮ ಶುರುವಾಗುತ್ತದೆ.

ಬೈರಾಸಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯ. ಲೋಕದ ದೇವರುಗಳೆಲ್ಲ ಬಟ್ಟೆಯ ವಿಷಯದಲ್ಲಿ ಒಂದೊಂದು ಹಟ ಹಿಡಿದವರು. ಉಡುಪಿಯ ಕೃಷ್ಣ ಗಂಡಸರಿಗೆ ಅಂಗಿ ಬಿಚ್ಚಿ ಬಾ ಎನ್ನುತ್ತಾನೆ. ರೋಮಿನ ಸಂತ ಪೀಟರರ ಬೆಸಿಲಿಕಾದಲ್ಲಿ ಹೆಗಲೂ ಮೊಣಕಾಲೂ ಮುಚ್ಚಿಕೊಂಡು ಬಾ ಎನ್ನುತ್ತಾರೆ. ಜೆರುಸಲೇಮಿನ ಪಶ್ಚಿಮ ಗೋಡೆಯ ಹತ್ತಿರ ಗಂಡಸರ ತಲೆ ಬರಿದಾಗಿರಬಾರದು. ರಾಯರ ಬೈರಾಸು ರೋಮಿನಲ್ಲಿ ಮುಕ್ಕಾಲು ಪ್ಯಾಂಟಿನ ಮೇಲೆ ಮುಂಡಾಯಿತು, ಜೆರುಸಲೇಮಿನಲ್ಲಿ ಮುಂಡಾಸಾಯಿತು, ಕಾಂಬೋಡಿಯದ ಅಂಗ್ಕೋರಿನ ಬಿಸಿಲಿಗೆ ಕೊಡೆಯಾಯಿತು, ರಾತ್ರಿ ಹಾಸ್ಟೆಲ್ಲಿನಲ್ಲಿ ಪುನಃ ಬೈರಾಸೇ ಆಯಿತು. ಬರ್ಮುಡಾ ತೊಟ್ಟ ನಾಲ್ಕು ಮಂದಿ ಗೋರೆಯವರನ್ನು ಬೆಸಿಲಿಕಾದ ಬಾಗಿಲಲ್ಲಿ ತಡೆದು ನಿಲ್ಲಿಸಿದ್ದಾಗ ರಾಯರು ಅವರೆದುರೇ ಬೈರಾಸು ಸುತ್ತಿ, ತುದಿ ಸಿಕ್ಕಿಸಿ, ಒಳಗೆ ನಡೆದರಂತೆ. ಈ ಭಾಗವನ್ನು ಹೇಳುವಾಗ ಅವರು ಎದ್ದು ನಿಂತು ಮಾಡಿ ತೋರಿಸುತ್ತಾರೆ.

ರೋಮು ರಾಯರಿಗೆ ಸಾಮಾನ್ಯವಾಗಿ ಮೆಚ್ಚಿಗೆ. ಪೀಟರರ ಗುಮ್ಮಟ ಹತ್ತಲು 551 ಮೆಟ್ಟಿಲು, ಸ್ವಲ್ಪ ದೂರ ಲಿಫ್ಟಿನಲ್ಲಿ ಹೋದರೆ 320. ಕೊನೆಯ ಭಾಗದಲ್ಲಿ ಗೋಡೆಯೇ ವಾಲಿಕೊಂಡಿರುವುದರಿಂದ ಹತ್ತುವವರೂ ವಾಲಿಕೊಂಡೇ ಹತ್ತಬೇಕು. ಷರಾ: ‘ಕಾಪು ಲೈಟ್‌ಹೌಸಿನ ಹಾಗೆಯೇ ಉಸಿರು ಕಟ್ಟುತ್ತದೆ, ಆದರೆ ಮೇಲೆ ಕಾಪುವಿನ ಗಾಳಿ ಇಲ್ಲ.’ ಕಾಪುವಿನದು 1901ರ ದೀಪಸ್ತಂಭ, ಸಂಜೆ ಹೊತ್ತು ಜನರನ್ನು ಹತ್ತಿಸುತ್ತಾರೆ, ಮೇಲೆ ಹೋದರೆ ಸಮುದ್ರ ಮೂರು ಕಡೆಯಿಂದ ಬಂದು ಮುಖಕ್ಕೆ ರಾಚುತ್ತದೆ. ಮೈಕೆಲೇಂಜಲೋಗೆ ಅಷ್ಟು ಗಾಳಿ ಒದಗಿಸಲು ಆಗಲಿಲ್ಲ. ಸಿಸ್ಟೀನ್ ಚಾಪೆಲಿನಲ್ಲಿ ಜನ ಮಾಡು ನೋಡಿ ಮೈಮರೆತರೆ ರಾಯರು ಕಾವಲುಗಾರರನ್ನು ನೋಡಿದರು. ಅವರು ಆಗಾಗ ‘ನಿಶ್ಶಬ್ದ’ ಎಂದು ದೊಡ್ಡ ಸ್ವರದಲ್ಲಿ ಕೂಗುತ್ತಾರೆ. ಅಲ್ಲಿರುವ ಶಬ್ದ ಅದೊಂದೇ ಎಂದು ರಾಯರ ಆಕ್ಷೇಪ.

ಟ್ರೆವಿ ಕಾರಂಜಿಯ ಎದುರು ಮಾತ್ರ ಅವರಿಗೆ ಗಂಟಲು ಕಟ್ಟಿತು. ಪ್ರವಾಸಿಗರು ಬೆನ್ನು ತಿರುಗಿಸಿ ಹೆಗಲ ಮೇಲಿಂದ ನಾಣ್ಯ ಎಸೆಯುತ್ತಾರೆ, ಹಾಗೆ ಎಸೆದವರು ಪುನಃ ರೋಮಿಗೆ ಬರುತ್ತಾರೆಂದು ನಂಬಿಕೆ. ವರ್ಷಕ್ಕೆ 10 ಲಕ್ಷ ಯೂರೋ ದಾಟುವ ಈ ಚಿಲ್ಲರೆಯನ್ನು ಬಾಚಿ, ಕಾರಿತಾಸ್ ಎಂಬ ಸೇವಾಸಂಸ್ಥೆಗೆ ಬಡವರಿಗಾಗಿ ಕೊಡುತ್ತಾರೆ. ರಾಯರಿಗೆ ನೆನಪಾದದ್ದು ಪಿಗ್ಮಿ. 1928ರಲ್ಲಿ ಸಿಂಡಿಕೇಟಿನವರು ಶುರುಮಾಡಿದ ಯೋಜನೆ, ಏಜೆಂಟ್ ದಿನಾ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ತಕ್ಕೊಂಡು ಹೋಗುತ್ತಿದ್ದ. ಬೀಡಿ ಕಟ್ಟುವವರೂ ಮೀನು ಮಾರುವವರೂ ಮಗಳ ಮದುವೆ ಮಾಡಿದ್ದು ಆ ಎರಡಾಣೆಗಳಲ್ಲಿ. “ನಾವು ಬಿಸಿಲಲ್ಲಿ ಸೈಕಲ್ ತುಳಿದು ಮನೆಮನೆ ಸುತ್ತಿದೆವು ಮಾರಾಯ್ರೆ. ಇಲ್ಲಿ ನೋಡಿದರೆ ಗಿರಾಕಿ ವಿಮಾನ ಹತ್ತಿ ಬಂದು ಹಣ ಎಸೆದು ಹೋಗ್ತಾನೆ. ಏಜೆಂಟ್ ಇಲ್ಲ, ಕಮಿಷನ್ ಇಲ್ಲ, ಬಡ್ಡಿಯೂ ಇಲ್ಲ!” ಅವರೂ ಒಂದು ನಾಣ್ಯ ಹಾಕಿದರು. ಪಾಸ್‌ಪುಸ್ತಕ ಇಲ್ಲದೆ ರಾಯರು ಎಲ್ಲಾದರೂ ತಮ್ಮ ಹಣ ಹಾಕಿದ್ದಿದ್ದರೆ ಅದು ಅಲ್ಲಿ ಮಾತ್ರ.

ಆದರೆ ರೋಮಿಗೆ ಹೋದವರು ಯಾರೂ ಸುಲಭಕ್ಕೆ ಹೋಗದ ಒಂದು ಜಾಗಕ್ಕೆ ರಾಯರು ಹೋಗಿ ಬಂದಿದ್ದಾರೆ. ಅದು ಅಕ್ಕನ ಅಪ್ಪಣೆ. ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ಇಗರ್ಜಿ ಇದೆಯಲ್ಲ, 2016ರಲ್ಲಿ ಬೆಸಿಲಿಕಾ ಎಂದು ಘೋಷಣೆಯಾದದ್ದು, ಅದರ ಜನವರಿಯ ಸಾಂತ್‌ಮಾರಿ ಜಾತ್ರೆಗೆ ಜಾತಿ ಧರ್ಮ ನೋಡದೆ ಜನ ಮುಗಿಬೀಳುತ್ತಾರೆ. ಮೊಂಬತ್ತಿ ಹಚ್ಚುವವರಲ್ಲಿ ಶಿವಳ್ಳಿಯವರೂ ಇರುತ್ತಾರೆ, ಜೈನರೂ ಇರುತ್ತಾರೆ. ಮಗನಿಗೆ ಟೈಫಾಯ್ಡ್ ಆದಾಗ ಹೇಳಿಕೊಂಡ ಹರಕೆಯಿಂದ ಅಕ್ಕನಿಗೆ ಅತ್ತೂರಿನ ನಡೆ. “ಆ ಸಂತರ ಮೂಲಸ್ಥಾನ ರೋಮಿನಲ್ಲಿ ಉಂಟಂತೆ. ಹೋದವರು ಕಾಣಿಕೆ ಹಾಕದೆ ಬರಬಾರದು” ಎಂದು ಹನ್ನೊಂದು ರೂಪಾಯಿ ಚೀಟಿಯಲ್ಲಿ ಕಟ್ಟಿಕೊಟ್ಟಿದ್ದರು. ತುಳುನಾಡಿನವರಿಗೆ ನಾಗನಿಗೂ ಮೂಲಸ್ಥಾನ, ದೈವಕ್ಕೂ ಮೂಲಸ್ಥಾನ, ಸಂತನಿಗೆ ಇಲ್ಲದಿರುತ್ತದೆಯೇ? ಲಾರೆನ್ಸರು 258ರಲ್ಲಿ ರೋಮಿನಲ್ಲೇ ಹುತಾತ್ಮರಾದವರು. ಊರ ಗೋಡೆಯ ಹೊರಗೆ, ವೆರಾನೊ ಸ್ಮಶಾನದ ಪಕ್ಕದಲ್ಲಿ ಅವರ ಸಮಾಧಿಯಿರುವ ದೊಡ್ಡ ಇಗರ್ಜಿ. ರಾಯರು ಬಸ್ಸು ಹಿಡಿದು ಹೋದರು. ಅಲ್ಲಿ ನೋಡಿದರೆ ಒಬ್ಬ ಮುದುಕಿ, ಒಂದು ಬೆಕ್ಕು. ಸಾಲೇ ಇಲ್ಲ. ಐಸ್‌ಕ್ರೀಮಿನವನಿಲ್ಲ, ಬಳೆಯಂಗಡಿಯಿಲ್ಲ, ಸ್ಪೆಷಲ್ ಬಸ್ಸಿಲ್ಲ. ಶಾಖೆಯಲ್ಲಿ ಈ ಪರಿ ವ್ಯವಹಾರ, ಹೆಡ್ ಆಫೀಸಿನಲ್ಲಿ ಒಂದು ನೊಣವಿಲ್ಲ! ಸಂತರ ಬಗ್ಗೆ ಅಲ್ಲಿ ಓದಿ ತಿಳಿದದ್ದು ರಾಯರನ್ನು ಇನ್ನೂ ಕಾಡುತ್ತಿದೆ. ಲಾರೆನ್ಸರು ಇಗರ್ಜಿಯ ಖಜಾನೆ ನೋಡಿಕೊಳ್ಳುತ್ತಿದ್ದವರು. ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ಅಧಿಕಾರಿ ಆಜ್ಞೆ ಮಾಡಿದಾಗ, ಇದ್ದದ್ದನ್ನು ಬಡವರಿಗೆ ಹಂಚಿ, ಆ ಬಡವರನ್ನೇ ಕರೆತಂದು ಇದೇ ನಮ್ಮ ಸಂಪತ್ತು ಎಂದರಂತೆ. “ಕ್ಯಾಶಿಯರ್ ಆಗಿದ್ದವರು ಮಾರಾಯ್ರೆ!” ಎನ್ನುವಾಗ ರಾಯರ ದನಿ ಸ್ವಲ್ಪ ಇಳಿಯುತ್ತದೆ. ಆ ಇಗರ್ಜಿಯ ಷರಾ ಕಾಲಂ ಒಂದೇ ಖಾಲಿ ಇರುವುದನ್ನು ನಾನು ನೋಡಿದ್ದೇನೆ. ಹನ್ನೊಂದು ರೂಪಾಯಿ ಭಾರತದ ನಾಣ್ಯದಲ್ಲೇ ಡಬ್ಬಿಗೆ ಬಿತ್ತು. ವಿನಿಮಯ ದರದ ಬಗ್ಗೆ ಅವರು ತಲೆಕೆಡಿಸಿಕೊಳ್ಳಲಿಲ್ಲ.

ಕಾಠ್ಮಂಡುವಿನ ಪಶುಪತಿನಾಥ ಅವರಿಗೆ ಮನೆಯಷ್ಟೇ ಹತ್ತಿರ. ಅಲ್ಲಿನ ಮೂಲಭಟ್ಟರು ಕರ್ನಾಟಕದ ಕಡೆಯವರಾಗಿರುವ ಸಂಪ್ರದಾಯ, ಭಂಡಾರ ನೋಡಿಕೊಳ್ಳುವವರು ನೇಪಾಳದ ಭಂಡಾರಿಗಳು. ಪೂಜೆ ಒಬ್ಬರ ಕೈಯಲ್ಲಿ, ಹಣ ಇನ್ನೊಬ್ಬರ ಕೈಯಲ್ಲಿ. ಷರಾ: ‘ಉತ್ತಮ ಪದ್ಧತಿ.’ ಅಲ್ಲಿಗೆ ಮುಗಿಯಿತು.

ಜೆರುಸಲೇಮಿನ ವಿಷಯ ಹಾಗಲ್ಲ. ರಾಯರು ಅಲ್ಲಿಗೆ ಹೋದದ್ದು 2023ರಲ್ಲಿ ಶುರುವಾದ ಯುದ್ಧಕ್ಕೆ ಮುಂಚೆ. ಏಸುವಿನ ಸಮಾಧಿ ಇದೆಯೆನ್ನುವ ಆ ಹಳೆಯ ಇಗರ್ಜಿಯ ಕಥೆ ಶುರುಮಾಡಿದರೆ ಅಕ್ಕ ಒಳಗೆ ಹೋಗಿ ಕುಕ್ಕರ್ ಇಟ್ಟು ಬರುತ್ತಾರೆ. ಮೂರು ಸೀಟಿ ಆದರೂ ಮುಗಿದಿರುವುದಿಲ್ಲ.

ಆ ಒಂದು ಇಗರ್ಜಿಗೆ ಆರು ಪಂಗಡದವರು ಹಕ್ಕುದಾರರು. ಗ್ರೀಕರು, ಕ್ಯಾಥೊಲಿಕರು, ಅರ್ಮೇನಿಯದವರು, ಕಾಪ್ಟರು, ಸಿರಿಯದವರು, ಇಥಿಯೋಪಿಯದವರು. ಕೊನೆಯವರಿಗೆ ಸಿಕ್ಕಿದ್ದು ಟೆರೇಸು, ಅಲ್ಲೇ ಗೂಡಿನಂಥ ಕೋಣೆಗಳಲ್ಲಿ ಸನ್ಯಾಸಿಗಳ ವಾಸ. ಯಾವ ಕಂಬ ಯಾರದು, ಯಾವ ಮೆಟ್ಟಿಲು ಗುಡಿಸುವವರು ಯಾರು, ಎಲ್ಲಕ್ಕೂ ಜಗಳ. ಕೊನೆಗೆ ಒಟ್ಟೋಮನ್ ಸುಲ್ತಾನ 1852ರಲ್ಲಿ, ಇರುವುದು ಇದ್ದ ಹಾಗೇ ಇರಲಿ ಎಂದು ಅಪ್ಪಣೆ ಹೊರಡಿಸಿದ. ಅದು ಎಷ್ಟು ಇದ್ದ ಹಾಗೇ ಎಂದರೆ, ಹೆಬ್ಬಾಗಿಲಿನ ಮೇಲಿನ ಕಿಟಕಿಗೆ ಯಾರೋ ಒರಗಿಸಿಟ್ಟ ಮರದ ಏಣಿ ಇವತ್ತಿಗೂ ಅಲ್ಲೇ ಇದೆ. 18ನೇ ಶತಮಾನದ ಚಿತ್ರಗಳಲ್ಲೂ ಅದೇ ಕಿಟಕಿ, ಅದೇ ಏಣಿ. 2002ರಲ್ಲಿ ಟೆರೇಸಿನಲ್ಲಿ ಕೂತಿದ್ದ ಕಾಪ್ಟ್ ಸನ್ಯಾಸಿಯೊಬ್ಬರು ಬಿಸಿಲು ತಾಳದೆ ಕುರ್ಚಿಯನ್ನು ನೆರಳಿಗೆ ಸರಿಸಿದರು. ಇಥಿಯೋಪಿಯದವರು ಅದನ್ನು ಅತಿಕ್ರಮಣ ಎಂದರು. ಹೊಡೆದಾಟದಲ್ಲಿ 11 ಮಂದಿ ಆಸ್ಪತ್ರೆಗೆ ಸೇರಿದರು.

ಇನ್ನು ಬಾಗಿಲಿನ ಬೀಗ. ಆರು ಪಂಗಡಕ್ಕೂ ಪರಸ್ಪರ ನಂಬಿಕೆ ಇಲ್ಲದ್ದರಿಂದ ಅದು ಎರಡು ಮುಸ್ಲಿಂ ಮನೆತನಗಳ ಸುಪರ್ದಿಯಲ್ಲಿದೆ, ಸಲಾದೀನನ ಕಾಲದಿಂದ ಎಂದು ಪ್ರತೀತಿ. ಕೀಲಿಕೈ ಇಟ್ಟುಕೊಳ್ಳುವುದು ಒಂದು ಮನೆತನ, ಬಾಗಿಲು ತೆರೆಯುವುದು ಇನ್ನೊಂದು. ಇದನ್ನು ಕೇಳಿದಾಗ ರಾಯರಿಗೆ ರೋಮಾಂಚನವಾಯಿತಂತೆ. ಬ್ಯಾಂಕಿನ ಸ್ಟ್ರಾಂಗ್ ರೂಮಿಗೂ ಇದೇ ಕ್ರಮ, ಇಬ್ಬರು ಬಾರದೆ ಬಾಗಿಲು ತೆರೆಯದು. “ಜಾಯಿಂಟ್ ಕಸ್ಟಡಿ ಮಾರಾಯ್ರೆ! ರಿಸರ್ವ್ ಬ್ಯಾಂಕ್ ಹುಟ್ಟುವ ಎಷ್ಟು ಶತಮಾನ ಮೊದಲು! ನಾನು ಆ ಬಾಗಿಲಿನ ಹತ್ತಿರ ಕೂತು ಸಂಜೆ ಬೀಗ ಹಾಕುವವರೆಗೂ ನೋಡಿದೆ.” ಒಳಗೆ ಹೋಗಲಿಲ್ಲವೇ ಎಂದು ಕೇಳಿದರೆ, ಹೋದೆ, ಸಾಲು ಉದ್ದ ಇತ್ತು ಎನ್ನುತ್ತಾರೆ.

ಆ ಜಗಳಕ್ಕೆ ರಾಯರ ಹತ್ತಿರ ಪರಿಹಾರವಿದೆ. ಪರ್ಯಾಯ. ಎಂಟು ಮಠಗಳು, ಒಬ್ಬ ಕೃಷ್ಣ. ಆಚಾರ್ಯ ಮಧ್ವರು ಇಟ್ಟ ಎರಡು ತಿಂಗಳ ಸರದಿಯನ್ನು ಸೋದೆಯ ವಾದಿರಾಜರು 16ನೇ ಶತಮಾನದಲ್ಲಿ ಎರಡು ವರ್ಷಕ್ಕೇರಿಸಿದರು. ಜನವರಿ 18ರ ಬೆಳಗಿನ ಜಾವ ಸರದಿಯ ಸ್ವಾಮಿಗಳು ಕಾಪುವಿನ ದಂಡತೀರ್ಥದಲ್ಲಿ ಮಿಂದು ಜೋಡುಕಟ್ಟೆಗೆ ಬಂದರೆ ಮೆರವಣಿಗೆ, ಬೆಳಗಾಗುವಾಗ ಸಟ್ಟುಗ ಕೈ ಬದಲಾಗುತ್ತದೆ. 16 ವರ್ಷಕ್ಕೊಮ್ಮೆ ಪ್ರತಿ ಮಠಕ್ಕೂ ಪಾಳಿ. “ಆರು ಪಂಗಡ ಅಂದರೆ ಹನ್ನೆರಡು ವರ್ಷದ ಸೈಕಲ್. ಒಂದು ಪಂಚಾಂಗ, ಒಂದು ಸಟ್ಟುಗ. ಏಣಿ ಮೊದಲ ಪರ್ಯಾಯದಲ್ಲೇ ಕೆಳಗೆ ಬರ್ತಿತ್ತು.” ನಾನು ಸುಮ್ಮನಿರದೆ, 2008ರಲ್ಲಿ ನಮ್ಮಲ್ಲೂ ಒಂದು ಗಲಿಬಿಲಿ ಆಯಿತಲ್ಲ ಎಂದೆ. ಪುತ್ತಿಗೆ ಶ್ರೀಗಳು ಸಮುದ್ರ ದಾಟಿ ವಿದೇಶಕ್ಕೆ ಹೋಗಿ ಬಂದವರು, ಕೃಷ್ಣನ ಮೂರ್ತಿ ಮುಟ್ಟಿ ಪೂಜಿಸಬಾರದು ಎಂದು ಬೇರೆ ಮಠಗಳವರು ಆಕ್ಷೇಪ ಎತ್ತಿದ್ದರು. ಅದೇ ವರ್ಷ ಆ ಇಗರ್ಜಿಯಲ್ಲೂ ಗ್ರೀಕ್ ಮತ್ತು ಅರ್ಮೇನಿಯದ ಸನ್ಯಾಸಿಗಳು ಗುದ್ದಾಡಿಕೊಂಡು ಪೊಲೀಸರು ಒಳಗೆ ಬಂದಿದ್ದರು. ಸಮುದ್ರ ದಾಟಿ ಬಂದ ರಾಯರು ಕಷಾಯದ ಲೋಟ ಎತ್ತಿಕೊಂಡು ಸ್ವಲ್ಪ ಹೊತ್ತು ಊದಿದರು. “2024ರಲ್ಲಿ ಅದೇ ಶ್ರೀಗಳು ಪುನಃ ಪೀಠ ಏರಿದರಲ್ಲ? ಜಗಳ ಇರ್ತದೆ. ಸರದಿ ತಪ್ಪಿತಾ? ಅದನ್ನು ಹೇಳಿ.”

ಅಂಗ್ಕೋರಿಗೆ ಹೋದಾಗ ರಾಯರನ್ನು ಮೊದಲು ಸೆಳೆದದ್ದು ಟಿಕೆಟ್ಟು. ಒಂದು ದಿನಕ್ಕೆ 37 ಡಾಲರು, ಅದರ ಮೇಲೆ ಅಲ್ಲೇ ತೆಗೆದ ನಮ್ಮ ಫೋಟೊ. ಒಬ್ಬರ ಟಿಕೆಟ್ಟು ಇನ್ನೊಬ್ಬರಿಗೆ ನಡೆಯದು. ‘ವಿಷ್ಣುವಿಗೂ ಕೆವೈಸಿ’ ಎಂದು ಷರಾ. ಸೂರ್ಯೋದಯ ನೋಡಲು ನಸುಕಿನಲ್ಲೇ ಕೊಳದ ದಡದಲ್ಲಿ ಸಾವಿರಾರು ಜನ ಫೋನು ಎತ್ತಿ ನಿಂತಿದ್ದಾಗ ರಾಯರು ಅವರ ಬೆನ್ನಿನ ಕಡೆಯಿಂದ ಒಂದು ಫೋಟೊ ತೆಗೆದರು. ಕೆಳಗೆ ಬರೆದದ್ದು, ‘ಇಷ್ಟು ಜನರಿಗೆ ಹಗ್ಗ ಹಿಡಿಯುವ ಒಬ್ಬ ಸ್ವಯಂಸೇವಕನೂ ಇಲ್ಲ.’ ಇತಿಹಾಸವೂ ಅವರ ಕೈಯಲ್ಲಿ ಲೆಡ್ಜರಿಗೆ ಬರುತ್ತದೆ. ಅಯುತ್ಥಯದ ಸೈನ್ಯ ಅಂಗ್ಕೋರನ್ನು ಗೆದ್ದು ಆ ವೈಭವ ಮುಗಿಯಿತೆಂದು ವಾಡಿಕೆಯಲ್ಲಿ ಹೇಳುವ ವರ್ಷ 1431. ಕಾರ್ಕಳದ ಬಂಡೆಯ ಮೇಲೆ ವೀರಪಾಂಡ್ಯ ಭೈರರಸ 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದ್ದು 1432. “ಅಲ್ಲಿ ಶಟರ್ ಎಳೆದರು, ಮರುವರ್ಷ ಇಲ್ಲಿ ಬ್ರಾಂಚ್ ಓಪನ್!”

ಗೊಮ್ಮಟನಿಗಿಂತ ಅವನೆದುರಿನ ಚತುರ್ಮುಖ ಬಸದಿ ಅವರಿಗೆ ಹೆಚ್ಚು ಪ್ರಿಯ. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ್ದು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಅರ, ಮಲ್ಲಿ, ಮುನಿಸುವ್ರತ, ಅದೇ ಮೂವರು ತೀರ್ಥಂಕರರು. ಪಂಡಿತರು ಇದಕ್ಕೆ ಸಮವಸರಣ ಮುಂತಾದ ದೊಡ್ಡ ಅರ್ಥ ಹೇಳುತ್ತಾರೆ. ರಾಯರು ಅಲ್ಲಿ ಕಾಣುವುದು ನಾಲ್ಕು ಕೌಂಟರುಗಳನ್ನು. ಎಲ್ಲ ಕೌಂಟರಿನಲ್ಲೂ ಒಂದೇ ಸೇವೆ, ಸಾಲು ತನ್ನಿಂದ ತಾನೇ ಕಾಲುಭಾಗವಾಗುತ್ತದೆ. ರೋಮಿನವರು 1590ರಲ್ಲಿ ಗುಮ್ಮಟ ಮುಗಿಸಿದರು, ಆದರೂ ಇವತ್ತಿಗೂ ಭದ್ರತಾ ತಪಾಸಣೆಯ ಸಾಲು ಚೌಕ ಸುತ್ತಿ ನಿಲ್ಲುತ್ತದೆ. ನಾಲ್ಕು ವರ್ಷ ಮೊದಲು ಕಾರ್ಕಳಕ್ಕೆ ಒಬ್ಬನನ್ನು ಕಳಿಸಬಹುದಿತ್ತು ಎಂಬುದು ರಾಯರ ಖೇದ. 2015ರ ಮಹಾಮಸ್ತಕಾಭಿಷೇಕದ ಬಳಿಕ ಇನ್ನೊಂದರ ಸರದಿ 2027ಕ್ಕೆ ಬರಬೇಕು. ಅದಕ್ಕೆ ಸಲಹೆಗಳ ಕರಡು ಈಗಾಗಲೇ ಸಿದ್ಧವಿದೆ. ಯಾರೂ ಕೇಳಿಲ್ಲ.

ಎಲ್ಲ ಕ್ಷೇತ್ರಗಳಿಗೂ ರಾಯರು ಅಂಕ ಕಡಿಮೆ ಕೊಡುವುದು ಊಟದ ಕಾಲಂನಲ್ಲಿ. ತಿರುಪತಿಯವ ಕಾಂಚನಬ್ರಹ್ಮ, ಪಂಢರಪುರದವ ನಾದಬ್ರಹ್ಮ, ನಮ್ಮವ ಅನ್ನಬ್ರಹ್ಮ ಎಂದು ಕೇಳಿ ಬೆಳೆದ ಹೊಟ್ಟೆ ಅದು. ವ್ಯಾಟಿಕನ್ನಿನಂಥ ಕ್ಷೇತ್ರದಲ್ಲಿ ದರ್ಶನ ಮುಗಿಸಿ ಹೊರಬಂದು, ಜನ ಹೋಗುವ ದಿಕ್ಕಿಗೇ ಸ್ವಲ್ಪ ದೂರ ನಡೆದು, ಕೊನೆಗೆ ಒಬ್ಬ ಕಾವಲುಗಾರನನ್ನು ಹೊಟ್ಟೆ ಮುಟ್ಟಿ ತೋರಿಸಿ ಕೇಳಿದರಂತೆ. ಅವನು ಶೌಚಾಲಯದ ದಾರಿ ತೋರಿಸಿದ.

ತಿರುಗಿ ಬಂದ ಮೇಲೆ ಫೋಟೊ ತೋರಿಸುವ ಸಂಜೆ ಇರುತ್ತದೆ. ಟಿವಿಗೆ ಫೋನು ಜೋಡಿಸಿ, ಬೀದಿಯವರನ್ನೆಲ್ಲ ಕರೆದು, ಗೋಳಿಬಜೆ ಕೊಟ್ಟು ಕೂರಿಸುತ್ತಾರೆ. ಐಫೆಲ್ ಟವರ್ ಬಂತು ಎಂದು ಮಕ್ಕಳು ಕುಣಿಯುವಷ್ಟರಲ್ಲಿ ಅದರ ಬುಡದ ಕಸದ ಡಬ್ಬಿ ಬರುತ್ತದೆ. ಪಿರಮಿಡ್ ಎಂದರೆ ಪಿರಮಿಡ್ಡಿನ ಟಿಕೆಟ್ ಕೌಂಟರ್. ಒಮ್ಮೆ ಒಬ್ಬಾಕೆ ಧೈರ್ಯ ಮಾಡಿ, “ಇದರಲ್ಲಿ ನೀವೆಲ್ಲಿ ಇದ್ದೀರಿ?” ಎಂದು ಕೇಳಿದರು. “ಫೋಟೊ ತೆಗೆದದ್ದು ನಾನೇ ಅಲ್ವಾ?” ಎಂದು ಉತ್ತರ ಬಂತು. ಅಡುಗೆಮನೆಯ ಬಾಗಿಲಲ್ಲಿ ನಿಂತ ಅಕ್ಕ ಗೋಳಿಬಜೆಯ ತಟ್ಟೆ ದಾಟಿಸುತ್ತಾ, “ಅಷ್ಟು ದೂರ ಹೋಗಿ ಬಂದರೂ ಇವರಿಗೆ ಚಪ್ಪಲಿಯ ಸ್ಟ್ಯಾಂಡೇ ಕಾಣುವುದು” ಎಂದರು. ಅಕ್ಕ ಸಮುದ್ರ ದಾಟಿದವರಲ್ಲ. ಮಲ್ಪೆಯಿಂದ ಸೈಂಟ್ ಮೇರಿಸ್ ದ್ವೀಪಕ್ಕೆ ಬೋಟಿನಲ್ಲಿ ಹೋದದ್ದೇ ಅವರ ಜಲಯಾನ, ಅದರಲ್ಲೂ ವಾಂತಿ.

ಕೊನೆಗೊಮ್ಮೆ ರಾಯರ ಜ್ಞಾನಕ್ಕೆ ಊರಲ್ಲೇ ಕೆಲಸ ಸಿಕ್ಕಿತು. ನಮ್ಮ ವಠಾರದ ಅಮ್ಮನ ಗುಡಿಯಲ್ಲಿ ಬ್ರಹ್ಮಕಲಶ. ಲೋಕದ ಚಪ್ಪಲಿ ಸ್ಟ್ಯಾಂಡುಗಳನ್ನೆಲ್ಲ ನೋಡಿ ಬಂದವರು ಎಂದು ಸಮಿತಿಯವರು ಅದೇ ವಿಭಾಗವನ್ನು ಅವರಿಗೆ ವಹಿಸಿದರು. ಅರ್ಧ ಗೌರವ, ಅರ್ಧ ತಮಾಷೆ ಎಂದು ನನ್ನ ಊಹೆ. ರಾಯರು ಮಾತ್ರ ಪೂರ್ತಿ ಗೌರವ ಎಂದೇ ತಿಳಿದರು. ಕಬ್ಬಿಣದ ರ‍್ಯಾಕು ಬಂತು. ಒಳಗೆ ಹೋಗುವ ದಾರಿ ಬೇರೆ, ಹೊರಗೆ ಬರುವ ದಾರಿ ಬೇರೆ. ಒಬ್ಬ ಹುಡುಗ ಚಪ್ಪಲಿ ಇಡುವುದು, ಇನ್ನೊಬ್ಬ ಟೋಕನ್ ಕೊಡುವುದು, ಇಬ್ಬರಲ್ಲಿ ಒಬ್ಬನೇ ಎರಡೂ ಕೆಲಸ ಮಾಡಕೂಡದು. ಜೆರುಸಲೇಮಿನ ಪದ್ಧತಿ. ಟೋಕನ್ ಗಟ್ಟಿ ಪ್ಲಾಸ್ಟಿಕ್ಕಿನದು, ಒಂದು ಕಡೆ ನಂಬರು. ಇನ್ನೊಂದು ಕಡೆ ಖಾಲಿ ಬಿಡುವುದೇಕೆ ಎಂದು ಮುದ್ರಣದ ಪ್ರಾಯೋಜಕರು ಅಮ್ಮನ ಚಿತ್ರ ಹಾಕಿಸಿದರು. ಕೆಂಪು ಸೀರೆ, ಬೆಳ್ಳಿಯ ಪ್ರಭಾವಳಿ, ಬಹಳ ಚಂದ ಬಂದಿತ್ತು.

ಮೊದಲ ದಿನ ಬೆಳಿಗ್ಗೆ ಎಲ್ಲ ಸರಿಯಿತ್ತು. ಜನ ಟೋಕನ್ ತಕ್ಕೊಂಡರು, ತಿರುಗಿಸಿ ನೋಡಿದರು, ಕಣ್ಣಿಗೆ ಒತ್ತಿಕೊಂಡರು. ಮಧ್ಯಾಹ್ನದ ಊಟದ ಹೊತ್ತಿಗೆ ಚಪ್ಪಲಿ ಹೋಗುತ್ತಿತ್ತು, ಟೋಕನ್ ವಾಪಸು ಬರುತ್ತಿರಲಿಲ್ಲ. ಟೋಕನ್ ಎಲ್ಲಿ ಎಂದು ಹುಡುಗ ಕೇಳಿದರೆ, ಅಗೋ ಆ ಮೂಲೆಯ ನೀಲಿ ಪಟ್ಟಿಯದ್ದು ನನ್ನದು, ಕೊಡು ಮಗಾ ಎನ್ನುತ್ತಾರೆ. ಕೆಲವರು ರ‍್ಯಾಕಿಗೇ ಕೈ ಹಾಕಿದರು. ಸಂಜೆಯ ಹೊತ್ತಿಗೆ ಹೊಸಬರಿಗೆ ಕೊಡಲು ಟೋಕನ್ನೇ ಇಲ್ಲ, ಜನ ಎಂದಿನಂತೆ ಅಶ್ವತ್ಥಕಟ್ಟೆಯ ಸುತ್ತ ಚಪ್ಪಲಿ ಬಿಟ್ಟು ಒಳಗೆ ಹೋದರು. ರಾತ್ರಿ ರಾಯರು ನೀಲಿ ಪುಸ್ತಕ ತೆರೆದು ಕೂತರು. ಕೊಟ್ಟ ಟೋಕನ್, ಬಂದ ಟೋಕನ್, ಉಳಿದ ಚಪ್ಪಲಿ, ಯಾವುದೂ ಒಂದಕ್ಕೊಂದು ತಾಳೆಯಾಗಲಿಲ್ಲ. ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿ ಮಲಗಿದರು.

ಮಾರನೆಯ ದಿನ ಸ್ನಾನ ಮುಗಿಸಿ ದೇವರ ಕೋಣೆಗೆ ಹೋದರೆ ದೀಪದ ಪಕ್ಕದಲ್ಲಿ, ಕುಂಕುಮ ಹಚ್ಚಿ ಹೂವು ಏರಿಸಿ, ಒಂದು ಟೋಕನ್.

“ಹೋಯ್, ಇದು ವಾಪಸು ಕೊಡಬೇಕಾದ್ದಲ್ವಾ?”

“ಕೊಟ್ಟರೆ ಎಂತ ಕೊಡ್ತೀರಿ?” ಅಕ್ಕ ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಕೇಳಿದರು.

“ಎಂತ ಅಂದರೆ, ಚಪ್ಪಲಿ.”

“ಅಮ್ಮನನ್ನು ಕೊಟ್ಟು ಚಪ್ಪಲಿ ತಕ್ಕೊಳ್ಳುವುದಾ? ಒಳ್ಳೇ ವ್ಯವಸ್ಥೆ!”